ಬಾಲ್ಕನಿ ಕ್ಯಾಬಿನ್‌ಗೆ ಹೆಚ್ಚು ದುಡ್ಡು ಕೊಡಬೇಕೆ? ಗಂಟೆ ಎಣಿಸಿ ನೋಡಿ

ತುಮಕೂರಿನಲ್ಲಿ ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಈಗ ಬೀದಿಗೆ ಎರಡಾದರೂ ಸಿಗುತ್ತವೆ. ಬೇಸಿಗೆಯಲ್ಲಿ ಅಪ್ಪ ಅಮ್ಮ ಅಲ್ಲಿಗೆ ಹೋದರೆ ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಏಳು ದಿನದ ಕ್ರೂಸ್ ಹಡಗಿನ ಪ್ರವಾಸದ ಮಾತು ಬಂದೇ ಬರುತ್ತದೆ. ನಮ್ಮ ಮನೆಗೂ ಬಂತು. "ಅಪ್ಪ, ಒಳಗಿನ ಕ್ಯಾಬಿನ್ ಸಾಕಾ, ಬಾಲ್ಕನಿ ಇರೋದು ಬೇಕಾ?" ಎಂದ ಮಗ. ಮಲಗೋಕೆ ತಾನೆ, ಯಾವುದಾದರೇನು ಅಂದೆ. ಅಡುಗೆಮನೆಯಿಂದಲೇ ಉತ್ತರ ಬಂತು: "ಕಿಟಕಿ ಇಲ್ಲದ ರೂಮಲ್ಲಿ ಮಲಗೋಕೆ ಅಷ್ಟು ದೂರ ಯಾಕ್ರೀ, ಕ್ಯಾತ್ಸಂದ್ರದಲ್ಲೇ ಲಾಡ್ಜ್ ಮಾಡಬಹುದಲ್ಲ." ಮೂರು ದಿನ ಜಗಳವಾಡಿದ ಮೇಲೆ ತೀರ್ಮಾನಿಸುವ ದಾರಿ ಸಿಕ್ಕಿತು.

ಮೊದಲು ಗಂಟೆ ಎಣಿಸಿ

ಹಡಗಿನ ದಿನವಾರು ಪಟ್ಟಿ ಮುಂದಿಟ್ಟುಕೊಳ್ಳಿ. ಬಂದರಿನಲ್ಲಿ ನಿಂತ ದಿನ ನೀವು ಊರು ಸುತ್ತಲು ಇಳಿದಿರುತ್ತೀರಿ, ಬಾಲ್ಕನಿ ಖಾಲಿ. ತೆರೆದ ಕಡಲಿನ ದಿನ ಕಾಣುವುದು ಬರೀ ನೀರು. ಸಿಯಾಟಲ್‌ನಿಂದ ಹೊರಡುವ ಅನೇಕ ಹಡಗುಗಳು ಕೆನಡಾದ ವ್ಯಾಂಕೂವರ್ ದ್ವೀಪದ ಹೊರಮಗ್ಗುಲಲ್ಲಿ, ತೆರೆದ ಸಾಗರದಲ್ಲೇ ಹೋಗುತ್ತವೆ. ವ್ಯಾಂಕೂವರ್ ನಗರದಿಂದ ಹೊರಡುವವು ದ್ವೀಪಕ್ಕೂ ನೆಲಕ್ಕೂ ನಡುವಿನ ಇಕ್ಕಟ್ಟು ದಾರಿ ಹಿಡಿಯುತ್ತವೆ, ಎರಡೂ ಕಡೆ ಕಾಡು ಬೆಟ್ಟ ಕಾಣುತ್ತದೆ. ಲೆಕ್ಕಕ್ಕೆ ಬರುವುದು ಇಂಥ ಗಂಟೆಗಳು, ಹಿಮನದಿಗಳ ಕೊಲ್ಲಿ ಗ್ಲೇಸಿಯರ್ ಬೇಯಲ್ಲಿ ಕಳೆಯುವ ಒಂದು ಹಗಲು, ಮತ್ತೆ ಬಂದರು ಬಿಟ್ಟ ಮೇಲಿನ ಸಂಜೆಗಳು. ಜೂನ್‌ನಲ್ಲಿ ಅಲಾಸ್ಕಾದ ರಾಜಧಾನಿ ಜೂನೋದಲ್ಲಿ ಸೂರ್ಯ ಮುಳುಗುವುದು ರಾತ್ರಿ 10ರ ಸುಮಾರಿಗೆ, ಹಾಗಾಗಿ ಸಂಜೆ ಉದ್ದ. ಊಟ, ನಾಟಕ, ನಿದ್ದೆ ಕಳೆದರೆ ನಮಗೆ ಉಳಿದದ್ದು ಸುಮಾರು 20 ಗಂಟೆ.

ಇಬ್ಬರಿಗೂ ಸೇರಿ ಬಾಲ್ಕನಿಗೆ 80,000 ರೂಪಾಯಿ ಹೆಚ್ಚು ಎಂದಿಟ್ಟುಕೊಳ್ಳಿ. ಗಂಟೆಗೆ 4,000 ಬಿತ್ತು. ಇದು ಕೊಡಬಹುದಾದ ದುಡ್ಡೋ ಅಲ್ಲವೋ ಎಂಬುದು ನಿಮ್ಮ ಜೇಬಿಗೆ ಬಿಟ್ಟದ್ದು. ಆದರೆ ಸಂಜೆ ಮುಂಬೈ ಬಿಟ್ಟು ಬೆಳಿಗ್ಗೆ ಗೋವಾ ಮುಟ್ಟುವ ಹಡಗಿನಲ್ಲಿ ಈ ಲೆಕ್ಕ ಹಾಕಿದರೆ ಬಾಲ್ಕನಿ ಗಾಳಿಗಷ್ಟೇ ಎಂದು ತಿಳಿಯುತ್ತದೆ.

ಎಡವೋ ಬಲವೋ

ಅಲಾಸ್ಕಾದ ಹಡಗು ದಕ್ಷಿಣದಿಂದ ಉತ್ತರಕ್ಕೆ ಒಂದೇ ಕಡೆ ಹೋಗುವುದಾದರೆ ನೆಲ ಹೆಚ್ಚು ಕಾಣುವುದು ಬಲಗಡೆ. ಹಿಂದಿರುಗುವ ದಾರಿಯಾದರೆ ಎಡಗಡೆ. ಹೋಗಿ ಬರುವ ಟಿಕೆಟ್‌ಗೆ ತಲೆ ಕೆಡಿಸಿಕೊಳ್ಳಬೇಡಿ. ನಾರ್ವೆಯ ಗೈರಾಂಗರ್ ಫಿಯೋರ್ಡ್‌ನಲ್ಲಂತೂ (ಬೆಟ್ಟಗಳ ನಡುವೆ ಒಳಬಂದ ಇಕ್ಕಟ್ಟು ಕಡಲು) 15 ಕಿ.ಮೀ. ಉದ್ದಕ್ಕೂ ಎರಡು ಕಡೆಯೂ ಬಂಡೆಗೋಡೆ.

ನಕ್ಷೆ ಬಿಡಿಸಿ

ಡೆಕ್ ಪ್ಲಾನ್, ಅಂದರೆ ಹಡಗಿನ ಮಹಡಿಗಳ ನಕ್ಷೆ, ನೋಡದೆ ಕ್ಯಾಬಿನ್ ಒಪ್ಪಬೇಡಿ. ನೆಂಟರೊಬ್ಬರು ಅಗ್ಗಕ್ಕೆ ಸಿಕ್ಕಿತೆಂದು ಕಿಟಕಿಯ ಕ್ಯಾಬಿನ್ ಹಿಡಿದು ಏಳು ದಿನವೂ ಕಿತ್ತಳೆ ಬಣ್ಣದ ಲೈಫ್‌ಬೋಟ್ ನೋಡಿಕೊಂಡು ಬಂದರು. 'ಅಬ್‌ಸ್ಟ್ರಕ್ಟೆಡ್ ವ್ಯೂ', ಅಂದರೆ ನೋಟಕ್ಕೆ ಅಡ್ಡಿ ಇದೆ ಎಂದು ಸಣ್ಣಕ್ಷರದಲ್ಲಿ ಬರೆದಿತ್ತಂತೆ. ಬಾಲ್ಕನಿಯ ಮುಂದಿನ ತಡೆಗೋಡೆ ಗಾಜಿನದೋ ಕಬ್ಬಿಣದ ತಗಡಿನದೋ ಎಂದೂ ಕೇಳಿ. ತಗಡಾದರೆ ಕೂತಾಗ ಏನೂ ಕಾಣದು. ಈಜುಕೊಳದ ಡೆಕ್ ತಲೆಯ ಮೇಲೇ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು. ತಲೆಸುತ್ತು ಬರುವವರು ಹಡಗಿನ ನಡುಭಾಗದಲ್ಲಿ, ಆದಷ್ಟು ಕೆಳಗಿನ ಡೆಕ್‌ನಲ್ಲಿ ತೆಗೆದುಕೊಳ್ಳಿ, ಅಲ್ಲಿ ತೂಗಾಟ ಕಡಿಮೆ. ಇನ್ನೊಂದು: ಬಾಲ್ಕನಿ ಬಟ್ಟೆ ಒಣಹಾಕುವ ಜಾಗವಲ್ಲ. ಟವೆಲ್ ಹರವಿದರೆ ಗಾಳಿ ಒಯ್ಯುತ್ತದೆ.

ಯಾರು ಹೋಗುತ್ತಿದ್ದೀರಿ?

ಗ್ಲೇಸಿಯರ್ ಬೇಯ ಮಾರ್ಜರಿ ಹಿಮನದಿಯ ಮುಂದೆ ಹಡಗು ಸುಮಾರು ಒಂದು ಗಂಟೆ ನಿಲ್ಲುತ್ತದೆ. ನೀರಿನ ಮೇಲೆ 75 ಮೀಟರ್‌ನಷ್ಟು ಎತ್ತರದ ನೀಲಿ ಗೋಡೆ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದ್ದೀರಲ್ಲ, ಕೈ ಇಳಿದ ಮೇಲೆ ಸದ್ದು ಬರುತ್ತದೆ. ಇಲ್ಲೂ ಹಾಗೇ: ಮಂಜಿನ ಚಪ್ಪಡಿ ಜಾರಿ ನೀರಿಗೆ ಬಿದ್ದದ್ದು ಕಂಡ ಮೇಲೆ ಗುಡುಗು. ಇದನ್ನು ನೋಡಲು ಮೇಲಿನ ಡೆಕ್ಕೇ ಚೆಂದ, ಅದು ಪುಕ್ಕಟೆ, ನಾಲ್ಕೂ ದಿಕ್ಕು ಕಾಣುತ್ತದೆ. ಗಟ್ಟಿಮುಟ್ಟಾದವರು ಒಳಗಿನ ಕ್ಯಾಬಿನ್ ಹಿಡಿದು ಉಳಿದ ದುಡ್ಡಲ್ಲಿ ತಿಮಿಂಗಿಲ ನೋಡಲು ಹೋಗಲಿ ಎನ್ನುತ್ತೇನೆ.

ಮಂಡಿನೋವಿನವರ ಮಾತು ಬೇರೆ. ನಾವು ಕೊನೆಗೆ ಬಾಲ್ಕನಿಯನ್ನೇ ಹಿಡಿದೆವು. ಡೆಕ್ ಮೇಲೆ ಹದಿನೈದು ನಿಮಿಷಕ್ಕೆ ಇವಳ ಕೈ ಮರಗಟ್ಟಿತು, ಕೂರಲು ಕುರ್ಚಿಯಿಲ್ಲ, ಕೆಳಗೆ ಹೋದಳು. ಎರಡೂ ಮಗ್ಗುಲಿನವರಿಗೆ ಕಾಣಲೆಂದು ಕ್ಯಾಪ್ಟನ್ ಹಡಗನ್ನು ನಿಂತಲ್ಲೇ ತಿರುಗಿಸಿದ. ನಾನು ಇಳಿದು ಬರುವಷ್ಟರಲ್ಲಿ ಹಿಮನದಿ ನಮ್ಮ ಬಾಗಿಲಿಗೇ ಬಂದಿತ್ತು. ಇವಳು ಮಂಕಿ ಕ್ಯಾಪ್ ಹಾಕಿ, ಹಾಸಿಗೆಯ ರಜಾಯಿ ಹೊದ್ದು, ಕೋಡುಬಳೆ ಮುರಿಯುತ್ತಾ ಕೂತಿದ್ದಳು.

ಬುಕ್ ಮಾಡುವಾಗ

'ಗ್ಯಾರಂಟಿ' ಕ್ಯಾಬಿನ್ ಅಗ್ಗ, ಆದರೆ ಯಾವುದೆಂದು ಆರಿಸುವುದು ಕಂಪನಿ. ಬದಿ, ಡೆಕ್ ಮುಖ್ಯವಾದರೆ ಬೇಡ. ತೋರಿಸುವ ದರ ಸಾಮಾನ್ಯವಾಗಿ ಇಬ್ಬರು ಹಂಚಿಕೊಂಡರೆ ತಲೆಗೆ ಇಷ್ಟು ಎಂದು. ಒಬ್ಬರೇ ಹೋದರೆ ಹೆಚ್ಚುಕಡಿಮೆ ಎರಡರಷ್ಟಾಗಬಹುದು. ದಿನದ ಟಿಪ್ಸ್ ಬೇರೆ. ಸಿಯಾಟಲ್‌ನಿಂದ ಹೋಗಿ ಬರುವ ಈ ಹಡಗುಗಳು ಅಮೆರಿಕದ ಕಾನೂನಿನ ಕಾರಣಕ್ಕೆ ಕೆನಡಾದ ಒಂದು ಬಂದರನ್ನಾದರೂ ಮುಟ್ಟುತ್ತವೆ. ಆದ್ದರಿಂದ ಮುಂಗಡ ಕಟ್ಟುವ ಮೊದಲು ನಿಮ್ಮ ಪಾಸ್‌ಪೋರ್ಟ್‌ನಲ್ಲಿ ಅಮೆರಿಕದ್ದರ ಜೊತೆ ಕೆನಡಾದ ವೀಸಾ ಇದೆಯೇ ನೋಡಿಕೊಳ್ಳಿ.