ಗಾಂಜಾ ಬಿಡಿಸಿ ಎಂದು ಕರೆತಂದ ಹುಡುಗರ ಜೊತೆ ಮೊದಲ ಭೇಟಿ

ಪಿಯುಸಿ, ಡಿಗ್ರಿ ಓದುವ ಹುಡುಗರು ತಾವಾಗಿಯೇ ಕೌನ್ಸೆಲಿಂಗ್‌ಗೆ ಬರುವುದು ಕಡಿಮೆ. ಬ್ಯಾಗಿನಲ್ಲಿ ಪೊಟ್ಟಣ ಸಿಕ್ಕ ಮೇಲೆ ಅಪ್ಪ ಅಮ್ಮ ಕರೆತರುತ್ತಾರೆ. ಎಲ್ಲರನ್ನೂ ಒಟ್ಟಿಗೆ ಕೂರಿಸುವುದು ಹತ್ತೇ ನಿಮಿಷ. ಆಮೇಲೆ ಹುಡುಗನ ಜೊತೆ ಮಾತ್ರ. ಹೆತ್ತವರು ಎದ್ದು ಹೋಗುವ ಮೊದಲು ಗುಟ್ಟಿನ ಗಡಿಯನ್ನು ಅವರೆದುರೇ ಹೇಳುತ್ತೇನೆ: ಆಡಿದ ಮಾತು ಇಲ್ಲೇ ಉಳಿಯುತ್ತದೆ, ಜೀವಕ್ಕೆ ಅಪಾಯ ಕಂಡರೆ ಮಾತ್ರ ಉಳಿಯುವುದಿಲ್ಲ. 18ರೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು. ಇದನ್ನು ಆಮೇಲೆ ಹೇಳಿದರೆ ನಂಬಿಕೆ ಮುರಿಯುತ್ತದೆ.

"ಯಾಕೆ ಸೇದ್ತೀಯ?" ಎಂದು ಕೇಳುವುದಿಲ್ಲ, ಅದಕ್ಕೆ ಉತ್ತರ ಮನೆಯಲ್ಲೇ ತಯಾರಾಗಿರುತ್ತದೆ. "ಕೊನೆಯ ಸಲ ಸೇದಿದ ದಿನ ಬೆಳಗ್ಗೆಯಿಂದ ಹೇಳು" ಎನ್ನುತ್ತೇನೆ. ಎಷ್ಟು ಗಂಟೆಗೆ, ಯಾರ ಜೊತೆ, ದುಡ್ಡು ಎಲ್ಲಿಂದ, ಸೇದುವ ಮುಂಚೆ ಮನಸ್ಸು ಹೇಗಿತ್ತು, ಮರುದಿನ ಹೇಗಿತ್ತು? ರಾತ್ರಿ ಒಬ್ಬನೇ ಸೇದುತ್ತಾನೆ ಎಂದಾದರೆ ನಿದ್ದೆ, ಆತಂಕ, ಉಳಿದುಹೋದ ಸಬ್ಜೆಕ್ಟುಗಳ ಬಗ್ಗೆ ಇನ್ನಷ್ಟು ವಿಚಾರಿಸಬೇಕು. ನಿದ್ದೆಗೆಂದು ಸೇದುವವನ ನಿದ್ದೆ ಸರಿಪಡಿಸದೆ ಗಾಂಜಾ ಬಿಡಿಸಹೊರಟರೆ ಅದು ನಿಲ್ಲುವುದು ಕಷ್ಟ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳುತ್ತೇನೆ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಬಿಡುವುದು ನಿನಗೆಷ್ಟು ಮುಖ್ಯ, 0ಯಿಂದ 10ರೊಳಗೆ ಹೇಳು ಎನ್ನುತ್ತೇನೆ. 4 ಎಂದರೆ ಮುಂದಿನ ಪ್ರಶ್ನೆ "2 ಯಾಕಲ್ಲ?" ಆಗ ಬಿಡಲು ಕಾರಣಗಳು ಅವನ ಬಾಯಿಂದಲೇ ಬರುತ್ತವೆ. "8 ಯಾಕಲ್ಲ?" ಎಂದು ಕೇಳಿದಿರೋ, ಬಿಡದಿರಲು ಇರುವ ನೆಪಗಳನ್ನೆಲ್ಲ ಅವನಿಂದಲೇ ಗಟ್ಟಿ ಮಾಡಿಸಿದಂತೆ.

ಇಲ್ಲದ ದನಿ ಕೇಳುವುದು, ಎಲ್ಲರ ಮೇಲೂ ಅನುಮಾನ ಕಂಡರೆ ಅಂದೇ ಮನೋವೈದ್ಯರಿಗೆ ಕಳಿಸುತ್ತೇನೆ. ದಿನವೂ ಕುಡಿದು ಬೆಳಗ್ಗೆ ಕೈ ನಡುಗುವವನಿಗೆ "ಇವತ್ತಿನಿಂದಲೇ ನಿಲ್ಲಿಸು" ಎನ್ನಬಾರದು. ಮೊದಲೆರಡು ದಿನಗಳಲ್ಲೇ ಫಿಟ್ಸ್ ಬರಬಹುದು, ವೈದ್ಯರ ನಿಗಾ ಬೇಕು. ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆಯನ್ನು (ಅಫೀಮಿನಂತೆ ಕೆಲಸ ಮಾಡುವಂಥದ್ದು) ನಶೆಗಾಗಿ ಬಳಸುವವರಿಗೆ ಇನ್ನೊಂದು ಎಚ್ಚರಿಕೆ: ಕೆಲವು ವಾರ ಬಿಟ್ಟು ಮತ್ತೆ ಹಳೆಯ ಪ್ರಮಾಣಕ್ಕೇ ಕೈಹಾಕಿದರೆ ಉಸಿರು ನಿಲ್ಲಬಹುದು.

ಕೊನೆಗೆ ಹೆತ್ತವರನ್ನು ಒಳಗೆ ಕರೆಯುತ್ತೇನೆ. ದಿನವೂ ಗಾಂಜಾ ಸೇದುತ್ತಿದ್ದವನು ಬಿಟ್ಟ ಮೊದಲ ವಾರ ಸಿಡಿಮಿಡಿ, ನಿದ್ದೆಗೇಡು, ಕೆಟ್ಟ ಕನಸು, ಊಟ ಸೇರದಿರುವುದು ಜೋರಾಗಿರುತ್ತದೆ. ಸಾಮಾನ್ಯವಾಗಿ ಎರಡು ವಾರದಲ್ಲಿ ಇಳಿಯುತ್ತದೆ. ಇದು ಗೊತ್ತಿಲ್ಲದ ಮನೆಯವರು "ಬಿಟ್ಟ ಮೇಲೆ ಇನ್ನೂ ಹಾಳಾದ" ಎಂದು ಜಗಳ ತೆಗೆಯುತ್ತಾರೆ, ಹುಡುಗ ಮತ್ತೆ ಸೇದುತ್ತಾನೆ. ಮೂತ್ರ ಪರೀಕ್ಷೆಯ ಹಟವೂ ಹೀಗೆಯೇ. ತುಂಬಾ ಸೇದುತ್ತಿದ್ದವನಲ್ಲಿ ನಿಲ್ಲಿಸಿ ವಾರಗಳಾದರೂ ಪಾಸಿಟಿವ್ ಬರಬಹುದು. ಆ ಚೀಟಿ ಹಿಡಿದು ಸುಳ್ಳುಗಾರ ಎಂದರೆ ಅವನು ನಿಜ ಹೇಳುವುದನ್ನೇ ನಿಲ್ಲಿಸುತ್ತಾನೆ. ದಿನಾ ರಾತ್ರಿ ಬಾಯಿ ಮೂಸುವುದು, ರೂಮು ಜಾಲಾಡುವುದು ಬೇಡ. ಮುಂದಿನ ಭೇಟಿ ಒಂದು ವಾರದೊಳಗೇ ಇರಲಿ. ನಡುವೆ ರಾತ್ರಿ ಹೊತ್ತು ಕಷ್ಟವಾದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಹುಡುಗನ ಫೋನಿನಲ್ಲೂ ಅಮ್ಮನ ಫೋನಿನಲ್ಲೂ ಅಲ್ಲೇ ಸೇವ್ ಮಾಡಿಸುತ್ತೇನೆ.