ಅಜ್ಜಿಯ ಕೌದಿಯ ಮಾದರಿಯಲ್ಲಿ ಹೊಸದೊಂದು ಕೌದಿ

ಮಲೆನಾಡಿನ ಹಳೆಯ ಮನೆಗಳ ಅಟ್ಟದಲ್ಲೋ ಟ್ರಂಕಿನ ತಳದಲ್ಲೋ ಅಜ್ಜಿ, ಮುತ್ತಜ್ಜಿಯರು ಕೈಯಲ್ಲಿ ಹೊಲಿದ ಕೌದಿಯೊಂದು ಉಳಿದಿರುವುದುಂಟು. ಜೀರ್ಣವಾದ ಕೌದಿಯನ್ನು ಬಿಚ್ಚಿ ತೇಪೆ ಹಾಕಲು ಹೊರಟರೆ ಇದ್ದದ್ದೂ ಹರಿದುಹೋಗುತ್ತದೆ. ಅದನ್ನು ಮಾದರಿಯಾಗಿಟ್ಟುಕೊಂಡು ಹೊಸದನ್ನು ಹೊಲಿಯುವುದೇ ಮೇಲು. ಮೊದಲು ಹಳೆಯದನ್ನು ಮಗುಚಿ ಹಾಕಿ. ಬಣ್ಣದ ತುಂಡುಗಳೆಲ್ಲ ಮೇಲ್ಭಾಗದಲ್ಲಿದ್ದರೂ, ಹೊಲಿಗೆಯ ಸಾಲುಗಳು ಯಾವ ದಿಕ್ಕಿಗೆ ಸಾಗಿವೆ, ನಡುವಿನ ಅಂತರವೆಷ್ಟು, ಗಂಟುಗಳನ್ನು ಹೇಗೆ ಮರೆಮಾಡಲಾಗಿದೆ ಎಂಬುದು ಸ್ಪಷ್ಟವಾಗಿ ಕಾಣುವುದು ಹಿಂಬದಿಯಲ್ಲೇ. ಇವನ್ನು ಅಳೆದು ಬರೆದಿಟ್ಟುಕೊಳ್ಳಿ.

ಬಟ್ಟೆ ಒಗೆದು ಒಣಗಿಸುವ ಕೆಲಸ ಏಪ್ರಿಲ್, ಮೇ ತಿಂಗಳಲ್ಲೇ ಮುಗಿಯಲಿ. ಮಳೆ ಹಿಡಿದ ಮೇಲೆ ತೀರ್ಥಹಳ್ಳಿ, ಹೊಸನಗರದ ಕಡೆ ತೆಳು ಪಂಚೆ ಒಣಗುವುದೇ ಕಷ್ಟ. ಥಂಡಿ ಉಳಿದ ಬಟ್ಟೆಯನ್ನು ಪದರಗಳ ನಡುವೆ ಸೇರಿಸಿ ಹೊಲಿದರೆ ಬೂಷ್ಟು ಹಿಡಿಯುತ್ತದೆ. ಹೊಲಿಗೆಗೆ ಮಾತ್ರ ಮಳೆಗಾಲದ ಬಿಡುವು ಹೇಳಿ ಮಾಡಿಸಿದ್ದು.

ಬಟ್ಟೆಯ ಆಯ್ಕೆಯಲ್ಲಿ ಅವಸರ ಬೇಡ. ಹಳೆಯ ಹತ್ತಿ ಸೀರೆಯನ್ನು ಬೆಳಕಿಗೆ ಹಿಡಿದರೆ ನೂಲು ಸವೆದ ಜಾಗಗಳು ಜರಡಿಯಂತೆ ಕಾಣುತ್ತವೆ. ಅಂಥ ಭಾಗವನ್ನು ಒಳಪದರಕ್ಕೆ ಬಳಸಿ, ಗಟ್ಟಿಯಾಗಿರುವ ಅಂಚನ್ನು ಮೇಲಿನ ಸುತ್ತುಪಟ್ಟಿಗೆ ಉಳಿಸಿಕೊಳ್ಳಬಹುದು. ಇಳಕಲ್ ಸೀರೆಯಾದರೆ ಒಡಲು ಹತ್ತಿಯದಾಗಿದ್ದರೂ ಸೆರಗು ರೇಷ್ಮೆಯದಾಗಿರಬಹುದು. ಎರಡೂ ನೀರಿಗೆ ಬಿದ್ದಾಗ ಒಂದೇ ರೀತಿ ಕುಗ್ಗುವುದಿಲ್ಲವಾದ್ದರಿಂದ ಸೆರಗನ್ನು ಬೇರೆಯಾಗಿಡಿ. ಸಿಂಥೆಟಿಕ್ ಸೀರೆ ಎಷ್ಟೇ ಚಂದವಿದ್ದರೂ ಬೇಡ, ಜಾರುತ್ತದೆ, ಬೆವರನ್ನೂ ಹೀರುವುದಿಲ್ಲ. ತಳಕ್ಕೆ ಹೊಸ ಬಟ್ಟೆ ಬೇಕೆಂದರೆ ಸಾಗರ ತಾಲ್ಲೂಕಿನ ಹೆಗ್ಗೋಡು ಬಳಿಯ ಚರಕದಂಥ ಸಂಸ್ಥೆಗಳ ಕೈಮಗ್ಗದ ಹತ್ತಿ ಬಟ್ಟೆ ಒಗ್ಗುತ್ತದೆ. ಅದನ್ನು ಎರಡು ಸಲವಾದರೂ ಒಗೆದು, ಬಿಳಿ ಬಟ್ಟೆಯ ಮೇಲೆ ಉಜ್ಜಿ ಬಣ್ಣ ಬಿಡುತ್ತದೆಯೇ ಎಂದು ನೋಡಿದ ನಂತರವೇ ಕತ್ತರಿಸಬೇಕು.

ಒಬ್ಬರು ಹೊದೆಯಲು 7 ಅಡಿ ಉದ್ದ, 5 ಅಡಿ ಅಗಲ ಸಾಕು. ತಳದ ಬಟ್ಟೆಯನ್ನು ಸುತ್ತಲೂ 2 ಅಂಗುಲ ಹೆಚ್ಚಿಟ್ಟು ನೆಲದ ಮೇಲೆ ಹಾಸಿ, ಸುಕ್ಕಿಲ್ಲದಂತೆ ಎಳೆದು, ಅದರ ಮೇಲೆ ಎರಡು ಅಥವಾ ಮೂರು ಪದರ ಹಳೆಯ ಸೀರೆ ಹರಡಿ. ಒಂದು ಪದರದ ಜೋಡಣೆಯ ಮೇಲೆಯೇ ಮತ್ತೊಂದರ ಜೋಡಣೆ ಕೂರಬಾರದು. ಕೂತರೆ ಅಲ್ಲಿ ಗಂಟುಕಟ್ಟಿ ಸೂಜಿ ಇಳಿಯುವುದಿಲ್ಲ. ಎಲ್ಲ ಪದರಗಳೂ ಸೇರುವಂತೆ ನಡುವಿನಿಂದ ಅಂಚಿನ ಕಡೆಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ತಳದ ಹೆಚ್ಚುವರಿ ಬಟ್ಟೆಯನ್ನು ಒಳಕ್ಕೆ ಮಡಚಿ.

ಇನ್ನು ಮೇಲಿನ ತುಂಡುಗಳು. ಪ್ರತಿ ತುಂಡಿನ ಅಂಚನ್ನು ಕಾಲು ಅಂಗುಲ ಒಳಕ್ಕೆ ಮಡಚಿ, ಪಕ್ಕದ ತುಂಡಿನ ಮೇಲೆ ಸ್ವಲ್ಪ ಏರುವಂತೆ ಕೂರಿಸಿ, ಎಲ್ಲ ಪದರಗಳನ್ನೂ ಹಿಡಿದು ಸಾದಾ ಹೊಲಿಗೆ ಹಾಕುತ್ತ ಹೋಗಬೇಕು. ಯಲ್ಲಾಪುರ, ಹಳಿಯಾಳದ ಸಿದ್ದಿ ಮಹಿಳೆಯರು ಮೂಲೆಯಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುತ್ತಾರೆ, ಮೂಲೆಗಳಲ್ಲಿ ಮಡಚಿದ ಪುಟ್ಟ ಬಟ್ಟೆಯ ಹೂ ಕೂರಿಸುತ್ತಾರೆ. ಹೊಸಬರಿಗೂ ಈ ಕ್ರಮವೇ ಸುಲಭವೆಂದು ನನ್ನ ಅಭಿಪ್ರಾಯ, ಏಕೆಂದರೆ ಅಂಚು ಮೊದಲೇ ಭದ್ರವಾಗುತ್ತದೆ. ದಾರವನ್ನು ಜೇನುಮೇಣದ ಮೇಲೆ ಎಳೆದುಕೊಂಡರೆ ಸಿಕ್ಕಾಗದು. ಒಂದೂವರೆ ಮೊಳಕ್ಕಿಂತ ಉದ್ದದ ದಾರ ಪೋಣಿಸಬೇಡಿ. ಸಾಲುಗಳ ನಡುವೆ ಬೆರಳಗಲ ಅಂತರವಿರಲಿ, ಇಲ್ಲವೇ ಅಜ್ಜಿಯ ಕೌದಿಯಲ್ಲಿ ಅಳೆದಷ್ಟೇ ಇರಲಿ. ಗಂಟನ್ನು ಮೆಲ್ಲನೆ ಎಳೆದು ಪದರದೊಳಗೆ ಸೇರಿಸಿ. ಬಿಗಿದು ಹೊಲಿದರೆ ಬಟ್ಟೆ ಮುದುಡುತ್ತದೆ, ಆದ್ದರಿಂದ ಪ್ರತಿ ಸಾಲು ಮುಗಿದಾಗ ಅಂಗೈಯಿಂದ ಒಮ್ಮೆ ಸವರಿ ಸಡಿಲಿಸಬೇಕು.

ಮುಗಿದ ಮೇಲೆ ಕಚ್ಚಾ ಹೊಲಿಗೆ ಬಿಚ್ಚಿ, ಬಿಸಿಲು ಬಲಿತ ದಿನ ನೋಡಿ ತಣ್ಣೀರಿನಲ್ಲಿ ಒಗೆಯಿರಿ. ಹಿಂಡಬೇಡಿ. ನೀರು ಕುಡಿದ ಕೌದಿ ಬಲು ಭಾರವಾಗುವುದರಿಂದ ಒಂದೇ ಹಗ್ಗಕ್ಕೆ ನೇತುಹಾಕದೆ, ಅಂಗಳದಲ್ಲಿ ಎರಡು ಗಳಗಳ ಮೇಲೆ ಹರಡಿ ಒಣಗಿಸಿ.