ಕಕ್ಕಸಿನ ಟ್ಯಾಂಕ್ ಮತ್ತು ಗ್ಯಾಸ್ ಲೈನ್: ನಮ್ಮ ಟ್ರೇಲರ್ ನಿರ್ವಹಣೆಯ ಅನುಭವ

ಗೋವಾದ ಪೆರ್ನೆಂ ತಾಲ್ಲೂಕಿನ ಮಾಂದ್ರೆಯಲ್ಲಿ, ಕಾರವಾರದ ಕಡೆಯವರೊಬ್ಬರು ನಡೆಸುವ ಹೋಂಸ್ಟೇಯ ಹಿತ್ತಲಿನಲ್ಲಿ ನಮ್ಮ ಟ್ರೇಲರ್ (ಒಲೆ, ಬಚ್ಚಲು, ಕಕ್ಕಸು ಎಲ್ಲವೂ ಇರುವ, ಎಳೆದೊಯ್ಯುವ ಪುಟ್ಟ ಮನೆ) ನಿಲ್ಲಿಸಿದ್ದೆವು. ಎರಡನೆಯ ದಿನ ಬೆಳಗ್ಗೆ ಬಗ್ಗಿ ನೆಲ ಒರೆಸುತ್ತಿದ್ದ ನನ್ನ ಪತ್ನಿ ಕೈ ನಿಲ್ಲಿಸಿ, "ಏನ್ರೀ, ಇದು ಕಕ್ಕಸಿನ ವಾಸನೆ ಅಲ್ಲ, ಬೇರೆ ಏನೋ ಇದೆ" ಎಂದಳು. ಹಿಂದಿನ ರಾತ್ರಿಯಿಂದಲೂ ಒಳಗೆ ಕೊಳೆತ ವಾಸನೆ ಇತ್ತು. ಅದು ಟ್ಯಾಂಕಿನದೇ ಎಂದು ನಾನು ತೀರ್ಮಾನಿಸಿ, ಬಚ್ಚಲಿನ ಜಾಲರಿಗೆ ಎರಡು ತಂಬಿಗೆ ನೀರು ಸುರಿದು, ಕಿಟಕಿಗಳನ್ನು ಅರ್ಧ ತೆರೆದು ಮಲಗಿದ್ದೆ. ನಾನೂ ಅವಳ ಪಕ್ಕದಲ್ಲಿ ಮಂಡಿಯೂರಿ ನೆಲದ ಹತ್ತಿರ ಮುಖ ತಂದಾಗ ಎದೆ ಧಸಕ್ಕೆಂದಿತು. ನಿಂತಾಗ ಮಂದವಾಗಿದ್ದ ವಾಸನೆ ಅಲ್ಲಿ ಗಾಢವಾಗಿತ್ತು.

ಅಡುಗೆ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದ ಅನಿಲ ಮೇಲೇರಿ ಕಿಟಕಿಯಿಂದ ಹೊರಗೆ ಹೋಗುವುದಿಲ್ಲ, ನೆಲದ ಮೇಲೆ ನೀರಿನಂತೆ ಹರಡಿ ತಗ್ಗಿನಲ್ಲಿ ಕೂರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 2ರ ಆಸುಪಾಸು ಮುಟ್ಟಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ನಾವಿಬ್ಬರೂ ಯಾವ ಸ್ವಿಚ್ಚನ್ನೂ ಮುಟ್ಟದೆ ಬಾಗಿಲನ್ನು ಪೂರ್ತಿ ತೆರೆದು ಹೊರಗೆ ಬಂದೆವು. ನಾನು ಮುಂಭಾಗದ ಪೆಟ್ಟಿಗೆಯಲ್ಲಿದ್ದ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ನೀರಿನ ಪಂಪ್ ತಾನಾಗಿಯೇ ಚಾಲೂ ಆಗಿ ಕಿಡಿ ಹಾರಿಸಬಾರದೆಂದು ಹೊರಗಿನಿಂದಲೇ ಬ್ಯಾಟರಿಯ ಮುಖ್ಯ ಸ್ವಿಚ್ ಇರುವ ಕಡೆ ಕೈಹಾಕಿದವನು, ಅದೂ ಒಂದು ಸ್ವಿಚ್ಚೇ ಎಂಬುದು ಹೊಳೆದು ಹಾಗೆಯೇ ಬಿಟ್ಟೆ. ಒಂದು ಗಂಟೆ ಗಾಳಿಯಾಡಿದ ಮೇಲೆ ರೆಗ್ಯುಲೇಟರನ್ನು ಮತ್ತೆ ತೆರೆದು, ಒಳಗೆ ಹೋಗಿ ಜೋಡಣೆಗಳಿಗೆ ಸೋಪಿನ ನೀರು ಬಳಿದು ನೋಡಿದರೆ, ಒಲೆಯ ಹಿಂದೆ ತಾಮ್ರದ ಕೊಳವೆ ಸೇರುವ ಹಿತ್ತಾಳೆಯ ನಟ್ ಬಳಿ ಸೋಪಿನ ನೊರೆ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳಾಗಿ ನಿಧಾನವಾಗಿ ಉಬ್ಬುತ್ತಿತ್ತು.

ಅನಿಲಕ್ಕೆ ಸ್ವಂತ ವಾಸನೆ ಇಲ್ಲ. ಸೋರಿಕೆ ತಿಳಿಯಲೆಂದು ಅದಕ್ಕೆ ಈಥೈಲ್ ಮರ್‌ಕ್ಯಾಪ್ಟನ್ ಎಂಬ ದುರ್ವಾಸನೆಯ ಗಂಧಕದ ಸಂಯುಕ್ತವನ್ನು ಸೇರಿಸುತ್ತಾರೆ. ಮಲದ ಟ್ಯಾಂಕಿನಿಂದ ಏಳುವ ವಾಸನೆಯಲ್ಲೂ ಗಂಧಕದ ಅಂಶವೇ ಪ್ರಧಾನ. ಟ್ಯಾಂಕಿನ ವಾಸನೆಗೆ ನಾವು ಒಗ್ಗಿಹೋಗಿದ್ದರಿಂದ ಅನಿಲದ ವಾಸನೆಯನ್ನು ಗುರುತಿಸುವುದರಲ್ಲಿ ಒಂದು ಇಡೀ ರಾತ್ರಿ ತಪ್ಪಿದೆವು. ಟ್ರೇಲರ್ ಇಟ್ಟುಕೊಂಡವರು ಕಕ್ಕಸಿನ ಟ್ಯಾಂಕನ್ನು ವಾಸನೆ ಇಲ್ಲದಂತೆ ಇಡಬೇಕಾದದ್ದು ಬರೀ ಶುಚಿತ್ವಕ್ಕಲ್ಲ, ಮೂಗನ್ನು ಗ್ಯಾಸಿಗಾಗಿ ಮೀಸಲಿಡುವುದಕ್ಕೆ ಎಂಬುದು ನನಗೆ ಅಂದು ತಿಳಿಯಿತು. ಅಲ್ಲಿಯವರೆಗೆ ಬೇರೆ ಬೇರೆ ಕೆಲಸಗಳೆಂದು ಮಾಡುತ್ತಿದ್ದ ಎರಡನ್ನೂ ಆಮೇಲೆ ಒಂದೇ ಕೆಲಸವೆಂದು ಮಾಡುತ್ತಾ ಬಂದಿದ್ದೇನೆ.

ಪುಣೆ ಬಳಿಯ ಭೋಸರಿಯ ಕಾರ್ಖಾನೆಯೊಂದರ ಮೇಂಟೆನೆನ್ಸ್ ವಿಭಾಗದಿಂದ ನಿವೃತ್ತನಾದ ಮೇಲೆ ಸ್ಥಳೀಯ ವರ್ಕ್‌ಶಾಪಿನಲ್ಲಿ ಈ ಟ್ರೇಲರನ್ನು ಮಾಡಿಸಿದೆ. ಕಕ್ಕಸಿಗೆ 60 ಲೀಟರಿನದು, ಬಚ್ಚಲು ಮತ್ತು ಸಿಂಕಿನ ನೀರಿಗೆ 80 ಲೀಟರಿನದು ಎಂದು ಎರಡು ಪ್ಲಾಸ್ಟಿಕ್ ಟ್ಯಾಂಕುಗಳು ನೆಲದ ಕೆಳಗಿವೆ. ಎರಡಕ್ಕೂ ಎಳೆದು ತೆರೆಯುವ ಗೇಟ್ ವಾಲ್ವ್ ಇದ್ದು, ಅವು 75 ಮಿ.ಮೀ.ನ ಒಂದೇ ಪೈಪಿಗೆ ಕೂಡುತ್ತವೆ. ಮೊದಲ ವರ್ಷ ನಾನು ಮಾಡಿದ ತಪ್ಪುಗಳನ್ನು ಇಲ್ಲಿ ಬರೆಯಲೇಬೇಕು. ಒಂದೇ ಕಡೆ ನಾಲ್ಕು ದಿನ ನಿಂತಾಗ ಪೈಪನ್ನು ಡ್ರೈನೇಜ್ ಚೇಂಬರಿಗೆ ಜೋಡಿಸಿ, ಮನೆಯ ಕಕ್ಕಸಿನಂತೆ ತಾನೇ ಹರಿದುಹೋಗಲಿ ಎಂದು ಕಕ್ಕಸಿನ ವಾಲ್ವನ್ನು ತೆರೆದೇ ಬಿಟ್ಟಿದ್ದೆ. ಹೀಗೆ ಮಾಡಿದರೆ ನೀರು ಮಾತ್ರ ಹರಿದುಹೋಗಿ, ಗಟ್ಟಿ ಪದಾರ್ಥ ಕಮೋಡಿನ ನೇರ ಕೆಳಗೆ ಗುಡ್ಡೆಯಾಗಿ ಒಣಗಿ ಕೂರುತ್ತದೆ. ಆ ಟ್ಯಾಂಕನ್ನು ಮೂರನೆಯ ಎರಡು ಭಾಗ ತುಂಬುವವರೆಗೆ ಮುಚ್ಚಿಯೇ ಇಟ್ಟು, ಬಳಿಕ ವಾಲ್ವನ್ನು ಒಮ್ಮೆಲೇ ಪೂರ್ತಿ ಎಳೆಯಬೇಕು. ನೀರಿನ ಭಾರಕ್ಕೆ ಎಲ್ಲವೂ ಒಟ್ಟಿಗೆ ಸೆಳೆದುಕೊಂಡು ಹೋಗುತ್ತದೆ. ಖಾಲಿ ಮಾಡಿದ ಕೂಡಲೇ ಏಳೆಂಟು ಲೀಟರ್ ನೀರು ಹಾಕಿ ತಳ ಮುಳುಗಿಸಿಡಬೇಕು. ನೀರು ಉಳಿಸುವುದು ನಮ್ಮ ಊರುಗಳಲ್ಲಿ ಒಳ್ಳೆಯ ಅಭ್ಯಾಸವೇ ಆದರೂ, ಈ ಒಂದು ಟ್ಯಾಂಕಿನ ವಿಷಯದಲ್ಲಿ ಮಾತ್ರ ನೀರಿನ ಜಿಪುಣತನ ಸಲ್ಲದು.

ಎರಡನೆಯ ತಪ್ಪು ಫಿನೈಲ್. ವಾಸನೆ ಬಂದಾಗಲೆಲ್ಲ ಅರ್ಧ ಬಾಟಲಿ ಸುರಿಯುತ್ತಿದ್ದೆ. ಮಲವನ್ನು ಕರಗಿಸುವ ಬ್ಯಾಕ್ಟೀರಿಯಾಗಳನ್ನು ಅದು ಕೊಲ್ಲುತ್ತದೆ, ಆದ್ದರಿಂದ ಎರಡು ದಿನ ಫಿನೈಲ್ ವಾಸನೆ ಬಂದು ಮೂರನೆಯ ದಿನಕ್ಕೆ ಮೊದಲಿಗಿಂತ ಕೆಟ್ಟ ವಾಸನೆ ಬರುತ್ತಿತ್ತು. ಈಗ ಸೆಪ್ಟಿಕ್ ಟ್ಯಾಂಕಿಗೆಂದು ಮಾರುವ ಬ್ಯಾಕ್ಟೀರಿಯಾದ ಪುಡಿಯನ್ನಷ್ಟೇ ಹಾಕುತ್ತೇನೆ. ಫಾರ್ಮಲ್ಡಿಹೈಡ್ ಇರುವ ದ್ರಾವಣಗಳನ್ನು ಮುಟ್ಟುವುದಿಲ್ಲ, ಏಕೆಂದರೆ ಅವು ನಮ್ಮ ಟ್ಯಾಂಕಿನಲ್ಲಷ್ಟೇ ಅಲ್ಲ, ಮುಂದೆ ಅದನ್ನು ಬರಮಾಡಿಕೊಳ್ಳುವವರ ಸೆಪ್ಟಿಕ್ ಟ್ಯಾಂಕಿನಲ್ಲೂ ಬ್ಯಾಕ್ಟೀರಿಯಾವನ್ನು ಸಾಯಿಸುತ್ತವೆ.

ಆ ಗುಡ್ಡೆಯನ್ನು ತೆಗೆಯುವುದು ಸುಲಭವಾಗಿರಲಿಲ್ಲ. ಟ್ರೇಲರ್ ನಿಲ್ಲಿಸುವ ಮೋಶಿಯ ಜಾಗದ ಹತ್ತಿರ ಒಬ್ಬಾತ ದುಡ್ಡು ಕೊಟ್ಟರೆ ಹುಡುಗನೊಬ್ಬನನ್ನು ಕಳಿಸಿ ಕೈಯಿಂದಲೇ ತೆಗೆಸಿಕೊಡುತ್ತೇನೆ ಎಂದ. ನಾನು ಒಪ್ಪಲಿಲ್ಲ. ಮನುಷ್ಯರ ಕೈಯಿಂದ ಮಲ ಎತ್ತಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಕಾಯಿದೆ ಇರದಿದ್ದರೂ ನಮ್ಮ ಮನೆಯವರ ಮಲವನ್ನು ಇನ್ನೊಬ್ಬರ ಮಗ ಎತ್ತಬೇಕೆಂದು ಕೇಳುವ ಹಕ್ಕು ನನಗಿಲ್ಲ. ಮೂವತ್ತು ಲೀಟರ್ ನೀರಿಗೆ ಬ್ಯಾಕ್ಟೀರಿಯಾದ ಪುಡಿ ಬೆರೆಸಿ ತುಂಬಿ ಮೂರು ದಿನ ನೆನೆಯಲು ಬಿಟ್ಟು, ಬಳಿಕ ಚಾಕಣ್ ಕಡೆಯ ಒರಟು ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಎಳೆದೆ. ಮಂಜುಗಡ್ಡೆ ತುಂಬಿ ಓಡಿಸಿದರೆ ಕೆರೆದು ತೆಗೆಯುತ್ತದೆ ಎಂದು ಯಾರೋ ಹೇಳಿದ್ದನ್ನೂ ಪ್ರಯತ್ನಿಸಿದೆ. ಏಪ್ರಿಲ್ ಬಿಸಿಲಿಗೆ ಅದು ಬೇಗ ಕರಗಿತು, ಪ್ರಯೋಜನವೇನೂ ಕಾಣಲಿಲ್ಲ. ಮೂರು ಸಲ ತುಂಬಿ ಖಾಲಿ ಮಾಡಿದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ತಳ ಕಂಡಿತು.

ಅಷ್ಟಾದರೂ ವಾಸನೆ ಪೂರ್ತಿ ಹೋಗಲಿಲ್ಲ. ಕಾರಣ ಛಾವಣಿಯ ಮೇಲಿತ್ತು. ಟ್ಯಾಂಕಿನಿಂದ ಮೇಲಕ್ಕೆ ಹೋಗುವ ಗಾಳಿಯ ಪೈಪಿನ ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಹೊರಹೋಗಲು ದಾರಿ ಸಿಗದ ಗಾಳಿ ಕಮೋಡಿನ ರಬ್ಬರ್ ಸೀಲಿನ ಸಂದಿಯಿಂದ ಒಳಗೆ ಬರುತ್ತಿತ್ತು. ಗೂಡು ತೆಗೆದು, ಬಾಯಿಗೆ ಸೊಳ್ಳೆ ಜಾಲರಿ ಕಟ್ಟಿದೆ. ಸಿಂಕು ಮತ್ತು ಬಚ್ಚಲಿನ ಕೆಳಗಿನ ಬಾಗಿದ ಪೈಪಿನಲ್ಲಿ ನಿಲ್ಲುವ ನೀರೇ ಅಲ್ಲಿಯ ವಾಸನೆಗೆ ಅಡ್ಡ. ಘಟ್ಟದ ತಿರುವುಗಳಲ್ಲಿ ಅದು ತುಳುಕಿ ಚೆಲ್ಲುತ್ತದೆ, ಬಿಸಿಲಿಗೆ ಆರಿಯೂ ಹೋಗುತ್ತದೆ. ಆದ್ದರಿಂದ ಉಳಿಯುವ ಜಾಗ ತಲುಪಿದ ಕೂಡಲೇ ಪ್ರತಿ ಜಾಲರಿಗೂ ಒಂದು ತಂಬಿಗೆ ನೀರು ಹಾಕುತ್ತೇವೆ. ಗೇಟ್ ವಾಲ್ವಿನ ಸೀಲಿಗೆ ವರ್ಷಕ್ಕೆರಡು ಸಲ ಸಿಲಿಕಾನ್ ಗ್ರೀಸ್ ಸವರುತ್ತೇನೆ. ಗಾಡಿಯ ಚಕ್ರಕ್ಕೆ ಹಾಕುವ ಪೆಟ್ರೋಲಿಯಂ ಗ್ರೀಸ್ ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ.

ಖಾಲಿ ಮಾಡುವುದು ಎಲ್ಲಿ ಎಂಬುದೇ ನಮ್ಮ ಕಡೆ ನಿಜವಾದ ಕಷ್ಟ. ಮಹಾರಾಷ್ಟ್ರ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿದ್ದರೂ, ನಾನು ಓಡಾಡುವ ದಾರಿಗಳಲ್ಲಿ ಇದಕ್ಕೆಂದೇ ಮಾಡಿದ ಜಾಗ ನನಗೆ ಸಿಕ್ಕಿಲ್ಲ. ಹೊರಡುವ ಮೊದಲೇ ಉಳಿಯುವ ಕಡೆಗೆ ಫೋನ್ ಮಾಡಿ, ಇಂಥದ್ದಿದೆ, ಇಷ್ಟು ಲೀಟರ್ ಇದೆ, ಫಿನೈಲ್ ಹಾಕಿಲ್ಲ ಎಂದು ಮುಚ್ಚುಮರೆ ಇಲ್ಲದೆ ಹೇಳಿ ಒಪ್ಪಿಗೆ ಪಡೆಯುತ್ತೇನೆ. ಮಾಂದ್ರೆಯ ಮಾಲೀಕರು ಸೆಪ್ಟಿಕ್ ಟ್ಯಾಂಕಿನ ಚೇಂಬರ್ ತೋರಿಸಿ, "ಕಕ್ಕಸಿನದು ಇಲ್ಲಿ ಬಿಡಿ ಸರ್, ಬಚ್ಚಲು ನೀರು ತೆಂಗಿಗೆ ಇರಲಿ" ಎಂದರು. ಅದು ಸರಿಯಾದ ಮಾತು, ಏಕೆಂದರೆ ಸೆಪ್ಟಿಕ್ ಟ್ಯಾಂಕಿಗೆ ಒಮ್ಮೆಲೇ ಹೆಚ್ಚು ನೀರು ನುಗ್ಗಿದರೆ ತಳದ ಕೆಸರು ಕದಡಿ ಮುಂದಕ್ಕೆ ಹೋಗುತ್ತದೆ. ಮೊದಲು ಕಕ್ಕಸಿನದನ್ನು ಬಿಟ್ಟು, ಆಮೇಲೆ ಇಪ್ಪತ್ತು ಲೀಟರಿನಷ್ಟು ಬಚ್ಚಲು ನೀರು ಬಿಟ್ಟು ಅದರಿಂದಲೇ ಪೈಪ್ ತೊಳೆದೆ. ಉಳಿದದ್ದನ್ನು ತೊಳೆದಿಟ್ಟ ಬೇರೆ ಮೆದುಪೈಪಿನಿಂದ ತೆಂಗಿನ ಪಾತಿಗೆ ಹರಿಸಿದೆ. ಮೋಶಿಯಲ್ಲಿ ಮಳೆನೀರಿನ ಗಟಾರ ನಮ್ಮ ಗೇಟಿನ ಎದುರಿಗೇ ಇದೆ, ಅಲ್ಲಿ ಸುರಿದರೆ ಕೇಳುವವರಿಲ್ಲ. ಆದರೆ ಅದು ಹೋಗಿ ಸೇರುವುದು ಇಂದ್ರಾಯಣಿ ನದಿಗೆ, ಅದೇ ನೀರಿನಲ್ಲಿ ಆಳಂದಿಯ ಘಾಟಿನಲ್ಲಿ ವಿಠ್ಠಲನ ಭಕ್ತರಾದ ವಾರಕರಿಗಳು ಸ್ನಾನ ಮಾಡುತ್ತಾರೆ. ಹೀಗಾಗಿ ನಮ್ಮ ಸೊಸೈಟಿಯ ಸಮಿತಿಯ ಒಪ್ಪಿಗೆ ಪಡೆದು ಅಲ್ಲಿನ ಡ್ರೈನೇಜ್ ಚೇಂಬರಿನಲ್ಲೇ ಖಾಲಿ ಮಾಡುತ್ತೇನೆ.

ಇನ್ನು ಗ್ಯಾಸ್ ಲೈನ್. ಸೋರಿದ ಆ ನಟ್ಟನ್ನು ಬಿಚ್ಚಿದಾಗ ಕೆಲಸ ಮಾಡಿದವರ ಎರಡು ತಪ್ಪುಗಳು ಕಂಡವು. ತಾಮ್ರದ ಕೊಳವೆಯ ತುದಿಯನ್ನು ತುತ್ತೂರಿಯ ಬಾಯಿಯಂತೆ ಅಗಲಿಸಿ ಕೂರಿಸುವ ಫ್ಲೇರ್ ಜೋಡಣೆಯಲ್ಲಿ ಲೋಹಕ್ಕೆ ಲೋಹ ಒತ್ತಿಯೇ ಬಿಗಿಯಾಗಬೇಕು. ಅಲ್ಲಿ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಿದರೆ ಸೋರಿಕೆ ನಿಲ್ಲುವುದಿಲ್ಲ, ನಟ್ ಸರಿಯಾಗಿ ಕೂರಲು ಅಡ್ಡಿಯಾಗುತ್ತದೆ ಅಷ್ಟೇ. ಅವರು ನಾಲ್ಕು ಸುತ್ತು ಸುತ್ತಿದ್ದರು. ಜೊತೆಗೆ ಒಲೆಯ ಹಿಂದೆ ಒಂದು ಮೀಟರಿಗೂ ಹೆಚ್ಚು ಕೊಳವೆಗೆ ಕ್ಲ್ಯಾಂಪೇ ಇರಲಿಲ್ಲ. ಗೋವಾದ ದಾರಿಯ ಆಂಬೋಲಿ ಘಟ್ಟ ಇಳಿಯುವಾಗಿನ ಅದುರುವಿಕೆಗೆ ಅಗಲಿಸಿದ ಬಾಯಿಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಪುಣೆಗೆ ಮರಳುವವರೆಗೆ ಗ್ಯಾಸ್ ಹಚ್ಚದೆ, ಊಟಕ್ಕೆ ಹೋಂಸ್ಟೇಯವರನ್ನೇ ಆಶ್ರಯಿಸಿದೆವು. ಮರಳಿದ ಮೇಲೆ ಅನುಭವಿ ಗ್ಯಾಸ್ ಮೆಕ್ಯಾನಿಕ್ ಒಬ್ಬರನ್ನು ಕರೆದು ಇಡೀ ಕೊಳವೆಯನ್ನೇ ಬದಲಿಸಿದೆ. ಅಲ್ಲಲ್ಲಿ ರಬ್ಬರ್ ಪಟ್ಟಿಯ ಕ್ಲ್ಯಾಂಪ್ ಹಾಕಿಸಿ, ಚಾಸಿಯ ಉಕ್ಕನ್ನು ದಾಟುವ ಕಡೆಯಲ್ಲೆಲ್ಲ ರಬ್ಬರ್ ಬಳೆ ಕೂರಿಸಿದೆ. ಸಿಲಿಂಡರಿನಿಂದ ಕೊಳವೆಗೆ ಹೋಗುವ ಪೈಪ್ ಉಕ್ಕಿನ ತಂತಿಯ ಹೊದಿಕೆಯಿರುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪೇ ಆಗಿರಬೇಕು. ಅದಕ್ಕೆ 5 ವರ್ಷದ ಆಯುಷ್ಯವಿದ್ದು, ಬದಲಿಸಬೇಕಾದ ವರ್ಷವನ್ನು ಟೇಪಿನ ಮೇಲೆ ಬರೆದು ಅಂಟಿಸಿದ್ದೇನೆ.

ಪರೀಕ್ಷೆಗೆ ನಾನು ಮಾಡಿಕೊಂಡಿರುವ ಸಾಧನ ಒಂದು ಹಲಗೆ, ಎರಡು ಮೀಟರ್ ಪಾರದರ್ಶಕ ಪೈಪ್ ಮತ್ತು ಎರಡು ಹನಿ ನೀಲಿ ಶಾಯಿ ಬೆರೆಸಿದ ನೀರು. ಪೈಪನ್ನು ಹಲಗೆಯ ಮೇಲೆ ಕುದುರೆ ಲಾಳದ ಆಕಾರದಲ್ಲಿ ಬಗ್ಗಿಸಿ ಕಟ್ಟಿ, ಅರ್ಧದವರೆಗೆ ನೀರು ತುಂಬಿ, ಒಂದು ತುದಿಯನ್ನು ಒಲೆಯ ಬರ್ನರ್ ತೆಗೆದು ಅದರ ಜೆಟ್ಟಿಗೆ (ಗ್ಯಾಸ್ ಹೊರಬರುವ ಸಣ್ಣ ತೂತಿನ ತುದಿಗೆ) ಬಿಗಿಯಾಗಿ ಸಿಕ್ಕಿಸುತ್ತೇನೆ. ಇನ್ನೊಂದು ತುದಿ ತೆರೆದಿರುತ್ತದೆ. ಆ ಬರ್ನರಿನ ನಾಬ್ ತೆರೆದು ಗ್ಯಾಸ್ ಬಿಟ್ಟರೆ ಎರಡು ಬದಿಯ ನೀರಿನ ಎತ್ತರದಲ್ಲಿ ಸುಮಾರು 300 ಮಿ.ಮೀ. ವ್ಯತ್ಯಾಸ ಬರುತ್ತದೆ, ನಮ್ಮ ಮನೆಬಳಕೆಯ ರೆಗ್ಯುಲೇಟರ್ ಕೊಡಬೇಕಾದ ಒತ್ತಡ ಅಷ್ಟೇ. ಆಮೇಲೆ ರೆಗ್ಯುಲೇಟರ್ ಬಂದ್ ಮಾಡಬೇಕು. ಕೂಡಲೇ ಅಳೆಯಲು ಕೂರಬಾರದು. ರೆಗ್ಯುಲೇಟರಿನ ಒಳಗೆ ಉಳಿದ ಹೆಚ್ಚಿನ ಒತ್ತಡದ ಗ್ಯಾಸ್ ನಿಧಾನವಾಗಿ ಇಳಿದು ಬಂದು ಸಣ್ಣ ಸೋರಿಕೆಯನ್ನು ಮರೆಮಾಡಬಲ್ಲದು. ಅದಕ್ಕೆ ಪಕ್ಕದ ಬರ್ನರನ್ನು ಕ್ಷಣಕಾಲ ಹಚ್ಚಿ ವ್ಯತ್ಯಾಸವನ್ನು 200 ಮಿ.ಮೀ.ಗೆ ಇಳಿಸಿ, ಹಲಗೆಯ ಮೇಲೆ ಪೆನ್ಸಿಲ್ ಗುರುತು ಹಾಕಿ, 10 ನಿಮಿಷ ಕಾಯುತ್ತೇನೆ. ಇದನ್ನು ಬೆಳಗ್ಗೆ ನೆರಳಿನಲ್ಲೇ ಮಾಡಬೇಕು. ಬಿಸಿಲು ಬಿದ್ದರೆ ಕೊಳವೆಯೊಳಗಿನ ಗ್ಯಾಸ್ ಹಿಗ್ಗಿ ನೀರು ಏರುತ್ತದೆ, ಆಗ ಸೋರಿಕೆ ಇದ್ದರೂ ಕಾಣುವುದಿಲ್ಲ.

ಈ ಪರೀಕ್ಷೆ ರೆಗ್ಯುಲೇಟರಿನ ಈಚೆಗೆ ಮಾತ್ರ. ಸಿಲಿಂಡರ್ ಬಾಯಿಯ ರಬ್ಬರ್ ಉಂಗುರವನ್ನು ಪ್ರತಿ ಸಲ ಸಿಲಿಂಡರ್ ಬದಲಿಸಿದಾಗ ಸೋಪಿನ ನೊರೆಯಿಂದಲೇ ನೋಡಬೇಕು. ಅಮೋನಿಯಾ ಇರುವ ಕ್ಲೀನರ್ ಹಿತ್ತಾಳೆಯನ್ನು ಬಿರುಕು ಬಿಡಿಸುತ್ತದೆ, ಆದ್ದರಿಂದ ಸಾದಾ ಸೋಪನ್ನು ನೀರಿಗೆ ಕದಡಿ ಬಳಸಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ, ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ಗ್ಯಾಸ್ ಕೆಳಗೆ ಇಳಿದುಹೋಗಲು ಬಿಟ್ಟ ತೂತುಗಳಿಗೆ ಮಳೆಗಾಲದಲ್ಲಿ ಕೆಸರು ಮೆತ್ತಿಕೊಳ್ಳುತ್ತದೆ, ಕಡ್ಡಿ ಹಾಕಿ ಬಿಡಿಸಬೇಕು. ಸಿಲಿಂಡರ್ ನೆಟ್ಟಗೇ ನಿಂತಿರಬೇಕು. ಕಾತ್ರಜ್ ಸುರಂಗವೇ ಇರಲಿ, ಸಪಾಟು ಹೆದ್ದಾರಿಯೇ ಇರಲಿ, ಗಾಡಿ ಚಲಿಸುವಾಗ ಅದು ಬಂದ್ ಆಗಿರಬೇಕು. ಒಲೆಯ ಕೆಳಗೆ ನೆಲದಿಂದ ಒಂದು ಗೇಣು ಎತ್ತರದಲ್ಲಿ ಗ್ಯಾಸ್ ಅಲಾರಂ ಕೂರಿಸಿದ್ದೇನೆ, ಬಹಳ ಹೊತ್ತು ಒಂದೇ ವಾಸನೆಯಲ್ಲಿದ್ದರೆ ಮೂಗು ಅದನ್ನು ಗುರುತಿಸುವುದನ್ನೇ ಬಿಡುತ್ತದೆ. ಸೋರಿಕೆಗೆ ಕರೆ ಮಾಡಬೇಕಾದ 1906 ಎಂಬ ಸಂಖ್ಯೆಯನ್ನು ಬಾಗಿಲಿನ ಹೊರಗಡೆಯೇ ದೊಡ್ಡ ಅಕ್ಷರದಲ್ಲಿ ಬರೆಸಿದ್ದೇನೆ, ಏಕೆಂದರೆ ಆ ಹೊತ್ತಿನಲ್ಲಿ ನಾವು ನಿಂತಿರಬೇಕಾದದ್ದು ಹೊರಗೆ.

ಮುಂದಿನ ವಾರ ಮತ್ತೆ ಗೋವಾಕ್ಕೆ ಹೊರಡುವವರಿದ್ದೇವೆ. ಇವತ್ತು ಬೆಳಗ್ಗೆ ಆರೂವರೆಗೆ ಹಲಗೆಯನ್ನು ಒಲೆಯ ಪಕ್ಕಕ್ಕೆ ಒರಗಿಸಿ ಗುರುತು ಹಾಕಿದೆ. ಪತ್ನಿ ಚಹಾದ ಲೋಟ ಹಿಡಿದು ಬಾಗಿಲ ಮೆಟ್ಟಿಲ ಮೇಲೆ ಕುಳಿತು ಗಡಿಯಾರ ನೋಡುತ್ತಿದ್ದಳು. ಹತ್ತು ನಿಮಿಷವಾದ ಮೇಲೂ ನೀಲಿ ನೀರು ಪೆನ್ಸಿಲ್ ಗೆರೆಯ ಮೇಲೆಯೇ ಇತ್ತು. ಅವಳು ಒಳಗೆ ಬಂದು, ನೆಲದವರೆಗೆ ಬಗ್ಗಿ ಒಮ್ಮೆ ಮೂಸಿ ನೋಡಿ, "ಏನೂ ಇಲ್ಲ" ಎಂದಳು.